ಸ್ಮಿತ್ ಅಂದ್ರೆ ಯಾವ ಸ್ಮಿತ್? ಬ್ರಿಟನ್ ಇತಿಹಾಸದ ಸ್ಮಿತ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ ಇತಿಹಾಸದ ಯಾವ ದಪ್ಪ ಪುಸ್ತಕ ತೆಗೆದರೂ ಕೊನೆಯ ಹೆಸರುಪಟ್ಟಿಯಲ್ಲಿ ಸ್ಮಿತ್‌ಗಳ ಉದ್ದ ಸಾಲು ಇರುತ್ತದೆ. ಅರ್ಥಶಾಸ್ತ್ರದವನೊಬ್ಬ, ಹಡಗಿನವನೊಬ್ಬ, ಹೈದರಾಲಿ ಜೊತೆ ಕಾದಾಡಿದವನೊಬ್ಬ. ಒಬ್ಬನ ಕಥೆ ಇನ್ನೊಬ್ಬನ ತಲೆಗೆ ಕಟ್ಟುವುದು ಬಹಳ ಸುಲಭ. ಎಲ್ಲ ಸ್ಮಿತ್‌ಗಳನ್ನೂ ಇಲ್ಲಿ ಹಿಡಿದು ತಂದಿಲ್ಲ. ಹೆಚ್ಚು ಜನ ಗೊಂದಲ ಮಾಡಿಕೊಳ್ಳುವವರು ಮತ್ತು ಭಾರತದ ಕಥೆಯೊಳಗೆ ಕಾಲಿಟ್ಟವರು ಇಲ್ಲಿದ್ದಾರೆ.

ಇವರೆಲ್ಲ ಒಂದೇ ಮನೆತನದವರಾ?

ಅಲ್ಲವೇ ಅಲ್ಲ. ಸ್ಮಿತ್ ಅನ್ನುವುದು ಕಮ್ಮಾರಿಕೆಯಿಂದ ಬಂದ ಹೆಸರು. ಕುದುರೆಗೆ ಲಾಳ, ನೇಗಿಲಿಗೆ ಗುಳ, ಬಾಗಿಲಿಗೆ ಚಿಲಕ, ಎಲ್ಲದಕ್ಕೂ ಕಮ್ಮಾರ ಬೇಕೇ ಬೇಕು. ಹಾಗಾಗಿ ಊರೂರಲ್ಲೂ ಕುಲುಮೆ ಇತ್ತು. ಮಧ್ಯಯುಗದಲ್ಲಿ ಕಸುಬಿನ ಹೆಸರು ಅಪ್ಪನಿಂದ ಮಕ್ಕಳಿಗೆ ಇಳಿಯತೊಡಗಿದಾಗ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ನೂರಾರು ಸ್ಮಿತ್ ಮನೆಗಳು ಹುಟ್ಟಿದವು. ಇವತ್ತಿಗೂ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಇದೇ. ಇಬ್ಬರು ಸ್ಮಿತ್‌ಗಳನ್ನು ನೆಂಟರು ಅನ್ನಬೇಕಾದರೆ ಕೈಯಲ್ಲಿ ಕಾಗದಪತ್ರ ಇರಬೇಕು, ಹೆಸರೊಂದೇ ಸಾಲದು.

ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಕೂಡ ಸ್ಮಿತ್ ಅಂತ ಕೇಳಿದ್ದೆ. ನಿಜಾನಾ?

ನಿಜ. ಆತನ ಹೆಸರು ಸರ್ ಥಾಮಸ್ ಸ್ಮೈತ್. ಆ ಕಾಲದಲ್ಲಿ ಕಾಗುಣಿತಕ್ಕೆ ಕಟ್ಟುನಿಟ್ಟು ಇರಲಿಲ್ಲ, ದಾಖಲೆಗಳಲ್ಲಿ ಸ್ಮಿತ್ ಅಂತಲೂ ಸಿಗುತ್ತಾನೆ. ಲಂಡನ್ನಿನ ದೊಡ್ಡ ವ್ಯಾಪಾರಿ. ಅಪ್ಪ ಲಂಡನ್ ಬಂದರಿನಲ್ಲಿ ಸುಂಕ ವಸೂಲಿ ಮಾಡಿ ದುಡ್ಡು ಕಟ್ಟಿಕೊಂಡವನು. 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ ಕಂಪನಿಗೆ ಸನ್ನದು ಕೊಟ್ಟಾಗ ಗವರ್ನರ್ ಜಾಗದಲ್ಲಿ ಇವನ ಹೆಸರಿತ್ತು. ಮಜಾ ಏನಂದರೆ, ಮರುವರ್ಷವೇ ಎಸೆಕ್ಸ್ ಪ್ರಭುವಿನ ದಂಗೆಯಲ್ಲಿ ಇವನ ಕೈವಾಡ ಇದೆ ಅಂತ ಲಂಡನ್ ಟವರ್ ಸೆರೆಮನೆಗೆ ತಳ್ಳಿದರು. ಹೊರಗೆ ಬಂದ ಮೇಲೆ ಮತ್ತೆ ಗವರ್ನರ್ ಆದ, ಬಹಳ ವರ್ಷ ಆ ಕುರ್ಚಿಯಲ್ಲೇ ಇದ್ದ.

ಕಂಪನಿಗೆ ಶುರುವಿನಲ್ಲಿ ಸ್ವಂತ ಕಟ್ಟಡವೂ ಇರಲಿಲ್ಲ. ಫಿಲ್ಪಾಟ್ ಲೇನ್‌ನಲ್ಲಿದ್ದ ಸ್ಮೈತ್ ಮನೆಯಲ್ಲೇ ವ್ಯವಹಾರ ನಡೆಯುತ್ತಿತ್ತು. ಮುಂದೆ ಒಂದು ಉಪಖಂಡವನ್ನೇ ಆಳಿದ ಕಂಪನಿಯ ಮೊದಲ ಆಫೀಸು ಒಬ್ಬ ವ್ಯಾಪಾರಿಯ ಮನೆ! 1615ರಲ್ಲಿ ಥಾಮಸ್ ರೋ ರಾಯಭಾರಿಯಾಗಿ ಜಹಾಂಗೀರನ ಆಸ್ಥಾನಕ್ಕೆ ಹೊರಟಾಗಲೂ ಗವರ್ನರ್ ಇವನೇ. ಅದೇ ಹೊತ್ತಿಗೆ ಅಮೆರಿಕದಲ್ಲಿ ವಸಾಹತು ಕಟ್ಟುತ್ತಿದ್ದ ವರ್ಜಿನಿಯಾ ಕಂಪನಿಯ ಖಜಾಂಚಿಯೂ ಇವನೇ ಆಗಿದ್ದ. ಅಲ್ಲಿ ಖಜಾಂಚಿ ಅಂದರೆ ಮುಖ್ಯಸ್ಥ ಅಂತಲೇ ಲೆಕ್ಕ. ಒಂದು ಕಾಲು ಪೂರ್ವದಲ್ಲಿ, ಇನ್ನೊಂದು ಪಶ್ಚಿಮದಲ್ಲಿ. ಇಷ್ಟಾಗಿಯೂ ಇವನನ್ನು ನೆನೆಯುವವರು ಕಡಿಮೆ. ವಸಾಹತಿನ ಕಥೆ ಹೇಳುವವರೆಲ್ಲ ಮುಂದಿನ ಸ್ಮಿತ್ ಕಡೆಗೇ ಓಡುತ್ತಾರೆ.

ಪೋಕಹಾಂಟಸ್ ಕಥೆಯ ಜಾನ್ ಸ್ಮಿತ್ ನಿಜವಾಗಿ ಇದ್ದನಾ? ಅವರಿಬ್ಬರೂ ಪ್ರೇಮಿಗಳಾ?

ಇದ್ದ. ಪ್ರೇಮಿಗಳಲ್ಲ. 1607ರಲ್ಲಿ ವರ್ಜಿನಿಯಾದ ಜೇಮ್ಸ್‌ಟೌನ್‌ಗೆ ಬಂದಿಳಿದಾಗ ಸ್ಮಿತ್‌ಗೆ ವಯಸ್ಸು 27 ಇರಬಹುದು, ಅಲ್ಲಿನ ಮೂಲನಿವಾಸಿಗಳ ನಾಯಕನ ಮಗಳು ಪೋಕಹಾಂಟಸ್ ಹನ್ನೊಂದರ ಆಸುಪಾಸಿನ ಹುಡುಗಿ. ಸಿನಿಮಾದವರು ಉಳಿದಿದ್ದನ್ನು ಸೇರಿಸಿದರು.

ಲಿಂಕನ್‌ಶೈರ್‌ನ ವಿಲ್ಲೊಬಿ ಎಂಬ ಹಳ್ಳಿಯ ಹುಡುಗ ಇವನು. ಸಂಬಳಕ್ಕೆ ಯುದ್ಧ ಮಾಡುತ್ತ ಹಂಗೇರಿ ಕಡೆ ಹೋದ. ಅಲ್ಲಿ ಮೂವರು ತುರ್ಕಿ ಸೈನಿಕರ ಜೊತೆ ಒಬ್ಬೊಬ್ಬರಾಗಿ ಹೋರಾಡಿ ಮೂರು ತಲೆ ತೆಗೆದೆ ಅಂತ ತಾನೇ ಬರೆದುಕೊಂಡಿದ್ದಾನೆ. ಜೇಮ್ಸ್‌ಟೌನ್‌ನಲ್ಲಿ ದುಡಿಯದವನಿಗೆ ಊಟ ಇಲ್ಲ ಅನ್ನುವ ಕಾನೂನು ತಂದ. ಚಿನ್ನ ಸಿಗುತ್ತದೆ ಅಂತ ಬಂದಿದ್ದ ದೊಡ್ಡ ಮನೆತನದ ಮಕ್ಕಳಿಗೆ ಇದು ಹೇಗೆ ಹಿಡಿಸೀತು ಹೇಳಿ! 1609ರಲ್ಲಿ ಮದ್ದಿನಪುಡಿ ಸಿಡಿದು ಮೈ ಸುಟ್ಟುಕೊಂಡು ಇಂಗ್ಲೆಂಡಿಗೆ ವಾಪಸ್ ಬಂದ.

ತನ್ನ ಕಡೆಯವರು ಕೊಲ್ಲಲು ಹೊರಟಾಗ ಪೋಕಹಾಂಟಸ್ ಸ್ಮಿತ್‌ನ ತಲೆಗೆ ತನ್ನ ತಲೆ ಅಡ್ಡ ಕೊಟ್ಟು ಜೀವ ಉಳಿಸಿದಳು ಅನ್ನುವ ಘಟನೆಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಅದು ನಡೆದಿದ್ದು 1607ರ ಕೊನೆಯಲ್ಲಿ ಅನ್ನುತ್ತಾರೆ. 1608ರಲ್ಲಿ ಅಚ್ಚಾದ ಅವನ ಮೊದಲ ವರದಿಯಲ್ಲಿ ಅದರ ಸೊಲ್ಲೇ ಇಲ್ಲ. ಪೂರ್ತಿ ಕಥೆ ಬರುವುದು 1624ರ ಪುಸ್ತಕದಲ್ಲಿ, ಆಗ ಅವಳು ತೀರಿಹೋಗಿ ಏಳು ವರ್ಷ ಆಗಿತ್ತು. ನನಗಂತೂ ಅದಕ್ಕಿಂತ ಅವರ ಕೊನೆಯ ಭೇಟಿಯೇ ನಂಬಿಕೆಗೆ ಹತ್ತಿರ ಅನಿಸುತ್ತದೆ. ಜಾನ್ ರಾಲ್ಫ್‌ನನ್ನು ಮದುವೆಯಾಗಿ ಮಗುವಿನ ಜೊತೆ ಇಂಗ್ಲೆಂಡಿಗೆ ಬಂದಿದ್ದ ಅವಳನ್ನು ನೋಡಲು ಸ್ಮಿತ್ ಬ್ರೆಂಟ್‌ಫರ್ಡ್‌ಗೆ ಹೋದ. ಅವಳು ಮುಖ ತಿರುಗಿಸಿಕೊಂಡು ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ನೀನು ಸತ್ತೆ ಅಂತಲೇ ಅವರು ನಮಗೆ ಹೇಳುತ್ತಿದ್ದರು ಅಂದಳು. ಇದನ್ನೂ ಬರೆದವನು ಸ್ಮಿತ್‌ನೇ. ತನ್ನನ್ನು ಹೊಗಳಿಕೊಳ್ಳುವವನು ತನಗೆ ಇರಿಸುಮುರುಸಾದ ಗಳಿಗೆಯನ್ನು ಬರೆದನೆಂದರೆ ಅದು ನಡೆದೇ ಇರಬೇಕು. 1617ರ ಮಾರ್ಚ್‌ನಲ್ಲಿ ಗ್ರೇವ್‌ಸೆಂಡ್‌ನಲ್ಲಿ ಅವಳು ತೀರಿಕೊಂಡಳು.

ಆಡಂ ಸ್ಮಿತ್ ವ್ಯಾಪಾರಿಗಳ ಪರ, ಹಾಗಾಗಿ ಕಂಪನಿಯ ಪರವೂ ಇದ್ದ ಅಲ್ವಾ?

ಉಲ್ಟಾ. ಕಂಪನಿಯನ್ನು ಅವನಷ್ಟು ಕಟುವಾಗಿ ಬೈದವರು ಆ ಕಾಲದಲ್ಲಿ ಕಡಿಮೆ. 1776ರ ಮಾರ್ಚ್‌ನಲ್ಲಿ ಬಂದ ಅವನ ದೊಡ್ಡ ಪುಸ್ತಕ 'ವೆಲ್ತ್ ಆಫ್ ನೇಷನ್ಸ್'ನಲ್ಲಿ, ವ್ಯಾಪಾರದ ಏಕಸ್ವಾಮ್ಯ ಇರುವ ವರ್ತಕರ ಕಂಪನಿಯೊಂದು ದೇಶ ಆಳುವುದಕ್ಕಿಂತ ಕೆಟ್ಟ ಸರ್ಕಾರ ಪ್ರಾಯಶಃ ಇನ್ನೊಂದಿಲ್ಲ ಅಂತ ನೇರವಾಗಿ ಬರೆದ. ಅವನ ವಾದ ಸರಳ. ದೊರೆಗೆ ತನ್ನ ನಾಡು ಸಮೃದ್ಧವಾದರೆ ಲಾಭ. ವರ್ತಕನಿಗೆ ಅಲ್ಲಿನ ಸರಕು ಅಗ್ಗವಾಗಿ ಸಿಕ್ಕರೆ ಲಾಭ. ಇಬ್ಬರೂ ಒಬ್ಬನೇ ಆದರೆ ಗೆಲ್ಲುವುದು ವರ್ತಕನೇ, ಸಾಯುವುದು ಪ್ರಜೆ. ಬಂಗಾಳದಲ್ಲಿ ಅಕ್ಕಿಗೆ ಬಂದ ಬರ ಕ್ಷಾಮಕ್ಕೆ ತಿರುಗುವುದರಲ್ಲಿ ಅಕ್ಕಿ ವ್ಯಾಪಾರದ ಮೇಲೆ ಕಂಪನಿಯ ನೌಕರರು ಹಾಕಿದ ನಿರ್ಬಂಧಗಳ ಕೈಯೂ ಇದ್ದಿರಬಹುದು ಅಂತಲೂ ಬರೆದ.

ಸ್ಕಾಟ್ಲೆಂಡಿನ ಕರ್ಕಾಡಿಯಲ್ಲಿ 1723ರಲ್ಲಿ ಹುಟ್ಟಿದ ಇವನು ಮೊದಲು ನೀತಿಶಾಸ್ತ್ರದ ಪ್ರೊಫೆಸರ್, ಆಮೇಲೆ ಅರ್ಥಶಾಸ್ತ್ರದವನು. ಹುಟ್ಟುವ ಮೊದಲೇ ಅಪ್ಪ ಹೋಗಿದ್ದ. ಮದುವೆ ಆಗಲಿಲ್ಲ. ಬದುಕಿನ ಬಹುಭಾಗ ಅಮ್ಮನ ಜೊತೆಗೇ ಕಳೆದ. ಗುಂಡುಸೂಜಿ ಕಾರ್ಖಾನೆಯ ಉದಾಹರಣೆ ನಿಮಗೆ ಗೊತ್ತೇ ಇರುತ್ತದೆ: ಕೆಲಸ ಹಂಚಿಕೊಂಡರೆ ಹತ್ತು ಜನ ದಿನಕ್ಕೆ 48,000 ಸೂಜಿ ಮಾಡುತ್ತಾರೆ, ಒಬ್ಬನೇ ಕೂತರೆ ಇಪ್ಪತ್ತೂ ಕಷ್ಟ. ಪ್ರತಿಯೊಬ್ಬನೂ ತನ್ನ ಲಾಭ ನೋಡಿಕೊಂಡರೂ ಸಮಾಜಕ್ಕೆ ಒಳಿತು ಮಾಡಿಸುವ 'ಅದೃಶ್ಯ ಕೈ' ಅನ್ನುವ ಮಾತಿಗೆ ಇವನ ಹೆಸರು ಅಂಟಿಕೊಂಡಿದೆ. ಆದರೆ ಆ ಭಾರೀ ಪುಸ್ತಕದಲ್ಲಿ ಆ ಮಾತು ಬರುವುದು ಒಂದೇ ಒಂದು ಸಲ.

ಮುಕ್ತ ವ್ಯಾಪಾರ ಬೋಧಿಸಿದವನೇ ಸುಂಕದ ಅಧಿಕಾರಿ ಆದನಂತೆ?

ಆದ. 1778ರಲ್ಲಿ ಸ್ಕಾಟ್ಲೆಂಡಿನ ಸುಂಕದ ಕಮಿಷನರ್ ಆಗಿ ಎಡಿನ್‌ಬರೋಗೆ ಬಂದ. ಒಳ್ಳೇ ಸಂಬಳ. ಕೆಲಸವನ್ನೂ ಶ್ರದ್ಧೆಯಿಂದಲೇ ಮಾಡಿದ. ಆಮದು ನಿಷೇಧಿಸಿದ್ದ ಸರಕುಗಳ ಪಟ್ಟಿಯನ್ನು ಕೆಲಸಕ್ಕೆ ಸೇರಿದ ಮೇಲೆ ಓದಿ ನೋಡಿದರೆ, ಅವನ ಸ್ವಂತ ಕುತ್ತಿಗೆಪಟ್ಟಿ, ತೋಳಿನ ಲೇಸು, ಕರವಸ್ತ್ರ, ಹೆಚ್ಚುಕಡಿಮೆ ಎಲ್ಲವೂ ಕಾನೂನುಬಾಹಿರ ಮಾಲು! ಮಾದರಿಯಾಗಬೇಕು ಅಂತ ಎಲ್ಲವನ್ನೂ ಸುಟ್ಟುಹಾಕಿದೆ ಅಂತ 1780ರಲ್ಲಿ ಗೆಳೆಯನೊಬ್ಬನಿಗೆ ಪತ್ರ ಬರೆದ. ನಿನ್ನ ಹೆಂಡತಿಯ ಬಟ್ಟೆಬರೆಯನ್ನು ಮಾತ್ರ ಪರೀಕ್ಷಿಸಲು ಹೋಗಬೇಡ ಅಂತ ತಮಾಷೆಯನ್ನೂ ಸೇರಿಸಿದ. ನಿಷೇಧಗಳಿಂದ ಕಳ್ಳಸಾಗಣೆ ಬೆಳೆಯುತ್ತದೆ ಅನ್ನುವ ಅವನ ವಾದಕ್ಕೆ ಅವನ ಬೀರುವೇ ಸಾಕ್ಷಿಯಾಗಿತ್ತು. 1790ರಲ್ಲಿ ಸಾಯುವ ಮುಂಚೆ ತನ್ನ ಕೈಬರಹದ ಸಂಪುಟಗಳನ್ನೂ ಸುಡಿಸಿದ. ಆ ನಷ್ಟ ಮಾತ್ರ ತುಂಬಲಾಗದ್ದು.

ಹೈದರಾಲಿ ವಿರುದ್ಧ ಹೋರಾಡಿದ ಸ್ಮಿತ್ ಯಾರು?

ಕರ್ನಲ್ ಜೋಸೆಫ್ ಸ್ಮಿತ್, ಕಂಪನಿಯ ಮದ್ರಾಸ್ ಸೈನ್ಯದವನು. ಅಮೆರಿಕದಲ್ಲಿ ಮಾರ್ಮನ್ ಪಂಥ ಕಟ್ಟಿದ ಜೋಸೆಫ್ ಸ್ಮಿತ್ ಬೇರೆ, ಅವನು ಹುಟ್ಟಿದ್ದು 1805ರಲ್ಲಿ.

ಮೊದಲ ಮೈಸೂರು ಯುದ್ಧ ಶುರುವಾದಾಗ ಹೈದರಾಬಾದಿನ ನಿಜಾಮ ಇಂಗ್ಲಿಷರ ಕಡೆ ಇದ್ದ. ಅವನ ಜೊತೆಗೇ ಸ್ಮಿತ್ ಮೈಸೂರಿನ ಕಡೆ ನಡೆದ. ಅಷ್ಟರಲ್ಲಿ ನಿಜಾಮ ಹೈದರನ ಜೊತೆ ಸೇರಿಕೊಂಡ. ಈಗ ಸ್ಮಿತ್ ಎದುರಿಗೆ ಎರಡು ಸೈನ್ಯ. ಹಿಂದೆ ಸರಿಯುತ್ತಲೇ 1767ರ ಸೆಪ್ಟೆಂಬರ್‌ನಲ್ಲಿ ಚೆಂಗಂನಲ್ಲಿ, ಆಮೇಲೆ ತಿರುವಣ್ಣಾಮಲೈ ಹತ್ತಿರ ಗೆದ್ದ. ಮರುವರ್ಷ ಇಂಗ್ಲಿಷರು ಘಟ್ಟ ಹತ್ತಿ ಹೊಸೂರು, ಕೋಲಾರ ಹಿಡಿದರು. ಕಣ್ಣು ಬೆಂಗಳೂರಿನ ಮೇಲಿತ್ತು.

ಅಲ್ಲಿಂದ ಮುಂದೆ ಎಲ್ಲ ಕೆಟ್ಟಿದ್ದು ಮದ್ರಾಸಿನ ಆಫೀಸಿನಿಂದ. ಸ್ಮಿತ್ ಮೇಲೆ ಕಣ್ಣಿಡಲು ಕೌನ್ಸಿಲ್‌ನವರು ತಮ್ಮ ಪ್ರತಿನಿಧಿಗಳನ್ನೇ ದಂಡಿನ ಜೊತೆ ಕಳಿಸಿದರು. ಆರ್ಕಾಟಿನ ನವಾಬನೂ ಹಿಂದೆ ಬಂದ. ದಂಡಿಗೆ ಬೇಕಾದ ದವಸ ಮಾತ್ರ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕೊನೆಗೆ ಸ್ಮಿತ್‌ನನ್ನು ವಾಪಸ್ ಕರೆಸಿ ಕರ್ನಲ್ ವುಡ್ ಕೈಗೆ ದಂಡು ಕೊಟ್ಟರು. ವುಡ್ ಬಾಗಲೂರಿನ ಹತ್ತಿರ ಫಿರಂಗಿ, ಸಾಮಾನು ಕಳೆದುಕೊಂಡ. ಮತ್ತೆ ಸ್ಮಿತ್‌ನೇ ಬರಬೇಕಾಯಿತು.

ಆಗ ಹೈದರ್ ಆಡಿದ ಆಟ ನೋಡಿ. ಮುಖ್ಯ ದಂಡನ್ನು ತೋರಿಸುತ್ತ ಸ್ಮಿತ್‌ನನ್ನು ಮದ್ರಾಸಿನಿಂದ ದೂರ ಎಳೆದ. ಆಮೇಲೆ ತಾನು ಆರಿಸಿದ ಸುಮಾರು 6,000 ಕುದುರೆ ಸವಾರರ ಜೊತೆ ತಿರುಗಿ, ಮೂರೂವರೆ ದಿನದಲ್ಲಿ 130 ಮೈಲಿ ಓಡಿ, 1769ರ ಮಾರ್ಚ್ ಕೊನೆಯಲ್ಲಿ ಸೇಂಟ್ ಥಾಮಸ್ ಮೌಂಟ್ ಹತ್ತಿರ ಬಂದು ನಿಂತ. ಸ್ಮಿತ್‌ಗೆ ನಿಂತಲ್ಲೇ ನಿಲ್ಲಲು ಹೇಳಿ ಅಂತ ಮದ್ರಾಸ್‌ನವರ ಮೇಲೆ ಒತ್ತಡ ತಂದ. ಅವರು ಹೇಳಿದರು. ಏಪ್ರಿಲ್ ಹೊತ್ತಿಗೆ ಒಪ್ಪಂದ ಆಗಿಹೋಗಿತ್ತು. ಕಣದಲ್ಲಿ ಸ್ಮಿತ್‌ನನ್ನು ಸೋಲಿಸಲು ಆಗದಿದ್ದರೂ ಅವನನ್ನು ಇಟ್ಟುಕೊಂಡವರನ್ನು ಹೈದರ್ ಮಣಿಸಿದ.

ಸಿಡ್ನಿ ಸ್ಮಿತ್ ಪಾದ್ರಿಯಾ, ನೌಕಾಪಡೆಯವನಾ?

ಇಬ್ಬರಿದ್ದಾರೆ. ಒಂದೇ ಕಾಲದವರು, ಅದಕ್ಕೇ ತಲೆನೋವು. ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ವ್ಯತ್ಯಾಸ ಇದೆ, ಕನ್ನಡದಲ್ಲಿ ಅದೂ ಕಾಣುವುದಿಲ್ಲ. ಆಸ್ಟ್ರೇಲಿಯಾದ ಸಿಡ್ನಿಗೂ ಇವರಿಬ್ಬರಿಗೂ ಸಂಬಂಧ ಇಲ್ಲ. ಅದು ಲಾರ್ಡ್ ಸಿಡ್ನಿ ಎಂಬ ಮಂತ್ರಿಯ ಹೆಸರು.

ನೌಕಾಪಡೆಯ ಸಿಡ್ನಿ ಸ್ಮಿತ್ (1764–1840) ಭಾರೀ ಜಂಬದ ಮನುಷ್ಯ, ಅಷ್ಟೇ ಧೈರ್ಯವಂತ. 1796ರಲ್ಲಿ ಫ್ರೆಂಚರ ಕೈಗೆ ಸಿಕ್ಕಿ ಪ್ಯಾರಿಸ್ಸಿನ ಟೆಂಪಲ್ ಸೆರೆಮನೆಯಲ್ಲಿ ಎರಡು ವರ್ಷ ಕೊಳೆತ. ನಕಲಿ ಆದೇಶಪತ್ರ ತೋರಿಸಿ ಗೆಳೆಯರು ಬಿಡಿಸಿಕೊಂಡು ಹೋದರು. 1799ರಲ್ಲಿ ನೆಪೋಲಿಯನ್ ಈಜಿಪ್ಟ್‌ನಿಂದ ಹೊರಟು ಪ್ಯಾಲೆಸ್ಟೈನ್ ಕರಾವಳಿಯ ಏಕರ್ ಕೋಟೆಗೆ ಮುತ್ತಿಗೆ ಹಾಕಿದಾಗ ಅಡ್ಡ ನಿಂತವನು ಇವನು. ನೆಪೋಲಿಯನ್ನನ ದೊಡ್ಡ ಫಿರಂಗಿಗಳು ಸಮುದ್ರದ ದಾರಿಯಲ್ಲಿ ಬರುತ್ತಿದ್ದವು. ಸ್ಮಿತ್ ಆ ದೋಣಿಗಳನ್ನೇ ಹಿಡಿದು, ಅದೇ ಫಿರಂಗಿಗಳನ್ನು ಕೋಟೆಯ ಮೇಲೆ ಹೂಡಿದ. ಎರಡು ತಿಂಗಳು ಹೊಡೆದಾಡಿ ಮೇ 20ರ ಹೊತ್ತಿಗೆ ನೆಪೋಲಿಯನ್ ಮುತ್ತಿಗೆ ಬಿಟ್ಟು ಹೊರಟ.

ಕನ್ನಡದವರಿಗೆ ಇಲ್ಲೊಂದು ತಾರೀಖು ಕಣ್ಣಿಗೆ ಹೊಡೆಯಬೇಕು. ಆ ವರ್ಷದ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದಿದ್ದ, ನಿಮ್ಮನ್ನು ಇಂಗ್ಲೆಂಡಿನ ಕಬ್ಬಿಣದ ನೊಗದಿಂದ ಬಿಡಿಸುತ್ತೇನೆ ಅಂತ. ಪತ್ರ ಬ್ರಿಟಿಷರ ಕೈಗೆ ಸಿಕ್ಕಿತು. ಏಕರ್ ಮುತ್ತಿಗೆ ಇನ್ನೂ ನಡೆಯುತ್ತಿದ್ದಾಗಲೇ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಏಕರ್ ಗೆದ್ದಿದ್ದರೂ ನೆಪೋಲಿಯನ್ ಕಾವೇರಿಗೆ ಬರುತ್ತಿದ್ದನೆಂದು ನನಗೇನೂ ನಂಬಿಕೆ ಇಲ್ಲ. ಆದರೆ ಬ್ರಿಟಿಷರಿಗೆ ಆ ಭಯ ಇತ್ತು, ಟಿಪ್ಪು ಮೇಲೆ ಬೀಳಲು ಅದು ನೆಪವೂ ಆಯಿತು.

ಇನ್ನು ಪಾದ್ರಿ ಸಿಡ್ನಿ ಸ್ಮಿತ್ (1771–1845). ಇವನ ಆಯುಧ ಮಾತು. 1802ರಲ್ಲಿ 'ಎಡಿನ್‌ಬರೋ ರಿವ್ಯೂ' ಪತ್ರಿಕೆ ಶುರುಮಾಡಿದವರಲ್ಲಿ ಒಬ್ಬ. ಅಣ್ಣ ರಾಬರ್ಟ್ ಬಂಗಾಳದಲ್ಲಿ ಕಂಪನಿಯ ಅಡ್ವೊಕೇಟ್ ಜನರಲ್ ಆಗಿದ್ದ. ತಮ್ಮ ಮಾತ್ರ ಯಾರ್ಕ್‌ಶೈರ್‌ನ ಫಾಸ್ಟನ್ ಎಂಬ ಕುಗ್ರಾಮಕ್ಕೆ ಹೋಗಿ, ಮನೆ ಕಟ್ಟಿ, ಊರಿಗೆ ಪಾದ್ರಿ, ವೈದ್ಯ, ನ್ಯಾಯಾಧೀಶ ಎಲ್ಲವೂ ಆಗಿದ್ದ. ಹೊಲದಲ್ಲಿ ದನಗಳು ಮೈ ತುರಿಸಿಕೊಳ್ಳಲು ಬೇಲಿ, ಗೇಟು ಮುರಿಯುತ್ತಿದ್ದವು. ಅದಕ್ಕೆ ಒಂದು ಎತ್ತರದ ಗೂಟ, ಒಂದು ಗಿಡ್ಡ ಗೂಟ ನೆಟ್ಟು, ಮೇಲೊಂದು ಅಂಚು ಚೂಪಾದ ಕಂಬವನ್ನು ಓರೆಯಾಗಿ ಇಟ್ಟ. ಕುದುರೆಯಿಂದ ಕುರಿಮರಿವರೆಗೆ ಯಾರಿಗೆ ಎಷ್ಟು ಎತ್ತರ ಬೇಕೋ ಅಲ್ಲಿ ತುರಿಸಿಕೊಳ್ಳಬಹುದು! 1831ರಲ್ಲಿ ಮತದಾನ ಸುಧಾರಣೆಯ ಮಸೂದೆಯನ್ನು ಪ್ರಭುಗಳ ಸಭೆ ತಳ್ಳಿಹಾಕಿದಾಗ ಟಾಂಟನ್ ಊರಿನ ಸಭೆಯಲ್ಲಿ ಇವನು ಪಾರ್ಟಿಂಗ್ಟನ್ ಅಮ್ಮನ ಕಥೆ ಹೇಳಿದ. ಸಮುದ್ರ ಉಕ್ಕಿ ಮನೆಯೊಳಗೆ ಬರುತ್ತಿದ್ದರೆ ಆಯಮ್ಮ ನೆಲ ಒರೆಸುವ ಕೋಲು ಹಿಡಿದು ಅಟ್ಲಾಂಟಿಕ್ ಸಾಗರವನ್ನೇ ಹಿಂದೆ ತಳ್ಳುತ್ತಿದ್ದಳಂತೆ. ಜನ ನಕ್ಕರು, ಪ್ರಭುಗಳಿಗೆ ನಾಟಿತು. ಮರುವರ್ಷ ಮಸೂದೆ ಪಾಸಾಯಿತು.

ವಿಲಿಯಂ ಸ್ಮಿತ್ ಅಂತ ಹುಡುಕಿದರೆ ಮೂರ್ನಾಲ್ಕು ಜನ ಬರುತ್ತಾರೆ. ಯಾರು ಯಾರು?

ಸಂಸದ ವಿಲಿಯಂ ಸ್ಮಿತ್ (1756–1835) ಗುಲಾಮರ ವ್ಯಾಪಾರ ನಿಲ್ಲಿಸಲು ಹೋರಾಡಿದವನು, ಫ್ಲಾರೆನ್ಸ್ ನೈಟಿಂಗೇಲ್‌ಳ ತಾಯಿಯ ತಂದೆ. ಹಡಗಿನ ವಿಲಿಯಂ ಸ್ಮಿತ್ 1819ರಲ್ಲಿ ಕೇಪ್ ಹಾರ್ನ್ ಸುತ್ತುವಾಗ ಬಿರುಗಾಳಿಗೆ ದಕ್ಷಿಣಕ್ಕೆ ಸರಿದು ಅಂಟಾರ್ಕ್ಟಿಕ ಹತ್ತಿರದ ದಕ್ಷಿಣ ಶೆಟ್ಲೆಂಡ್ ದ್ವೀಪಗಳನ್ನು ಕಂಡವನು. ಇವರಿಬ್ಬರಿಗೆ ಇಷ್ಟು ಸಾಕು, ಯಾಕಂದರೆ ಮೂರನೆಯವನ ಕಥೆ ದೊಡ್ಡದು.

ಭೂವಿಜ್ಞಾನಿ ವಿಲಿಯಂ ಸ್ಮಿತ್ 1769ರಲ್ಲಿ ಆಕ್ಸ್‌ಫರ್ಡ್‌ಶೈರ್‌ನ ಚರ್ಚಿಲ್ ಎಂಬ ಹಳ್ಳಿಯಲ್ಲಿ ಹುಟ್ಟಿದ. ಹೆಸರಿಗೆ ತಕ್ಕಂತೆ ಸಾಕ್ಷಾತ್ ಕಮ್ಮಾರನ ಮಗ. ಅಪ್ಪ ಬೇಗ ಹೋದ, ಅಪ್ಪನ ಒಡಹುಟ್ಟಿದವನಾದ ರೈತನೊಬ್ಬ ಸಾಕಿದ. ಆ ಕಡೆ ಹಾಲು ಬೆಣ್ಣೆ ಮಾಡುವ ಹೆಂಗಸರು ತೂಕದ ಕಲ್ಲಾಗಿ ಗುಂಡಗಿನ ಒಂದು ಬಗೆ ಕಲ್ಲು ಬಳಸುತ್ತಿದ್ದರು, ಒಂದೊಂದೂ ಸುಮಾರು ಒಂದು ಪೌಂಡ್ ತೂಗುತ್ತಿತ್ತು. ಅದು ನಿಜವಾಗಿ ಕಲ್ಲಾಗಿ ಹೋಗಿದ್ದ ಸಮುದ್ರ ಜೀವಿ, ಪಳೆಯುಳಿಕೆ. ಹುಡುಗನ ಕಣ್ಣು ಅಲ್ಲೇ ಬಿದ್ದಿತ್ತು.

ಕಾಲೇಜಿಗೆ ಹೋಗಲಿಲ್ಲ. ಭೂಮಿ ಅಳೆಯುವ ಕೆಲಸ ಕಲಿತ. ಸಾಮರ್ಸೆಟ್‌ನ ಕಲ್ಲಿದ್ದಲು ಗಣಿಗಳೊಳಗೆ ಇಳಿದ, ಕಲ್ಲಿದ್ದಲು ಸಾಗಿಸುವ ಕಾಲುವೆ ತೋಡಿಸಿದ. ಮೈಲಿಗಟ್ಟಲೆ ನೆಲ ಸೀಳಿದಾಗ ಪದರಗಳು ಯಾವಾಗಲೂ ಒಂದೇ ಕ್ರಮದಲ್ಲಿ, ಪೂರ್ವಕ್ಕೆ ವಾಲಿಕೊಂಡು ಇರುವುದು ಕಂಡಿತು. ಬೆಣ್ಣೆ ಸವರಿದ ಬ್ರೆಡ್ಡಿನ ತುಂಡುಗಳನ್ನು ಒಂದರ ಮೇಲೊಂದು ಒರಗಿಸಿಟ್ಟ ಹಾಗೆ ಅಂತ ಅವನೇ ಹೇಳುತ್ತಿದ್ದ. ನೋಡಲು ಒಂದೇ ಥರ ಇರುವ ಎರಡು ಪದರಗಳನ್ನು ಬೇರೆ ಮಾಡುವುದು ಹೇಗೆ? ಅದರೊಳಗಿನ ಪಳೆಯುಳಿಕೆ ನೋಡಿ. ಪ್ರತಿ ಪದರಕ್ಕೂ ಅದರದ್ದೇ ಜೀವಿಗಳು. ಒಬ್ಬ ಪಾದ್ರಿ ತಾನು ಕೂಡಿಟ್ಟಿದ್ದ ಪಳೆಯುಳಿಕೆಗಳನ್ನು ಇವನ ಮುಂದಿಟ್ಟ. ಸ್ಮಿತ್ ಒಂದೊಂದನ್ನೇ ಎತ್ತಿ, ಇದು ಯಾವ ಪದರದ್ದು ಅಂತ ಹೇಳುತ್ತಾ ಹೋದ. ಪಾದ್ರಿ ದಂಗಾಗಿ ಕೂತ.

1815ರಲ್ಲಿ ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಒಂದು ಭಾಗದ ಭೂವಿಜ್ಞಾನ ನಕಾಶೆ ಹೊರತಂದ. ಎಂಟಡಿಗಿಂತ ಎತ್ತರ, ಆರಡಿ ಅಗಲ, ಬಣ್ಣ ಪೂರ್ತಿ ಕೈಯಲ್ಲಿ ಹಚ್ಚಿದ್ದು. ಒಂದು ಇಡೀ ದೇಶದ ನೆಲದಡಿಯನ್ನು ಒಬ್ಬನೇ ಓಡಾಡಿ ಬಿಡಿಸಿದ್ದ. ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯ ಸಿರಿವಂತರು ಇವನನ್ನು ಸದಸ್ಯನನ್ನಾಗಿ ಮಾಡಿಕೊಳ್ಳಲಿಲ್ಲ, ಬದಲಿಗೆ ತಾವೇ ಪೈಪೋಟಿಗೆ ಇನ್ನೊಂದು ನಕಾಶೆ ತಂದರು. ಸ್ಮಿತ್ ಸಾಲದಲ್ಲಿ ಮುಳುಗಿದ. ಪಳೆಯುಳಿಕೆಗಳನ್ನು ಬ್ರಿಟಿಷ್ ಮ್ಯೂಸಿಯಂಗೆ ಮಾರಿದ, ಅದೂ ಸಾಲದೆ 1819ರಲ್ಲಿ ಕಿಂಗ್ಸ್ ಬೆಂಚ್ ಸೆರೆಮನೆಗೆ ಹೋದ. ಹೊರಬಂದ ಮೇಲೆ ಲಂಡನ್ ಬಿಟ್ಟು ಉತ್ತರಕ್ಕೆ ಹೊರಟುಹೋದ. 1831ರಲ್ಲಿ ಅದೇ ಸೊಸೈಟಿ ತನ್ನ ಮೊಟ್ಟಮೊದಲ ವೊಲಾಸ್ಟನ್ ಪದಕ ಇವನಿಗೇ ಕೊಟ್ಟು ಇಂಗ್ಲಿಷ್ ಭೂವಿಜ್ಞಾನದ ಪಿತಾಮಹ ಅಂತ ಕರೆಯಿತು. ತಡವಾಯಿತು, ಆದರೆ ಬದುಕಿರುವಾಗಲೇ ಆಯಿತಲ್ಲ.

ದಕ್ಷಿಣ ಆಫ್ರಿಕಾದ ಲೇಡಿಸ್ಮಿತ್ ಯಾರ ಹೆಸರು?

ಹುವಾನಾ ಎಂಬ ಸ್ಪೇನ್ ಹೆಣ್ಣುಮಗಳದ್ದು. 1812ರಲ್ಲಿ ಬ್ರಿಟಿಷ್ ಸೈನ್ಯ ಸ್ಪೇನಿನ ಬಡಹೋಜ್ ಕೋಟೆ ಹಿಡಿದು ಊರನ್ನು ದೋಚುತ್ತಿತ್ತು. ಅಕ್ಕ ತಂಗಿ ಇಬ್ಬರೂ ಬ್ರಿಟಿಷ್ ಅಧಿಕಾರಿಗಳ ಡೇರೆಗೆ ಓಡಿಬಂದರು. ಓಲೆ ಕಿತ್ತುಕೊಂಡಿದ್ದಕ್ಕೆ ಕಿವಿಯಿಂದ ರಕ್ತ ಸುರಿಯುತ್ತಿತ್ತು. ತಂಗಿ ಹುವಾನಾಗೆ 14 ವರ್ಷ. ಕೆಲವೇ ದಿನದಲ್ಲಿ ಹ್ಯಾರಿ ಸ್ಮಿತ್ ಎಂಬ ಅಧಿಕಾರಿ ಅವಳನ್ನು ಮದುವೆಯಾದ. ಮುಂದೆ ದಂಡಿನ ಜೊತೆಗೇ ಅವಳೂ ನಡೆದಳು.

ಹ್ಯಾರಿ ಸ್ಮಿತ್ 1846ರ ಜನವರಿಯಲ್ಲಿ ಸಟ್ಲೆಜ್ ದಂಡೆಯ ಅಲಿವಾಲ್‌ನಲ್ಲಿ ಸಿಖ್ಖರ ಸೈನ್ಯವನ್ನು ಸೋಲಿಸಿ ಹೆಸರು ಮಾಡಿದ. ಆಮೇಲೆ ಕೇಪ್ ಕಾಲನಿಯ ಗವರ್ನರ್. ಪ್ರೇಮಕಥೆ ಕೇಳಿ ಇವನನ್ನು ಮೆಚ್ಚುವವರು ಈ ಭಾಗವನ್ನೂ ಓದಬೇಕು: ಅಲ್ಲಿನ ಖೋಸಾ ಜನರ ನಾಯಕ ಮಕೋಮನ ಕುತ್ತಿಗೆ ಮೇಲೆ ಕಾಲಿಟ್ಟ, ನಾಯಕರನ್ನೆಲ್ಲ ಸೇರಿಸಿ ಅವರ ಕಣ್ಣೆದುರು ಗಾಡಿಯೊಂದನ್ನು ಮದ್ದಿಟ್ಟು ಸಿಡಿಸಿ ಹೆದರಿಸಿದ. ಫಲ ಏನು? 1850ರಲ್ಲಿ ದೊಡ್ಡ ಯುದ್ಧ, 1852ರಲ್ಲಿ ಲಂಡನ್‌ನಿಂದ ವಾಪಸ್ ಕರೆ. ಹ್ಯಾರಿಸ್ಮಿತ್ ಊರು ಅವನ ಹೆಸರಿನದು. 1899ರಲ್ಲಿ ಡಚ್ ಮೂಲದ ವಲಸಿಗರಾದ ಬೋಯರರು ಲೇಡಿಸ್ಮಿತ್‌ಗೆ ಮುತ್ತಿಗೆ ಹಾಕಿದಾಗ ಅದನ್ನು ಬಿಡಿಸಲು ಹೊರಟ ಸೈನ್ಯದ ಗಾಯಾಳುಗಳನ್ನು ಹೊತ್ತವರಲ್ಲಿ ಗಾಂಧೀಜಿ ಕಟ್ಟಿದ್ದ ಭಾರತೀಯರ ತುಕಡಿಯೂ ಇತ್ತು.

ಮ್ಯೂಸಿಯಂನಲ್ಲಿ ಬಟ್ಟೆ ಬಿಚ್ಚಿ ಓಡಾಡಿದ ಸ್ಮಿತ್ ಕಥೆ ನಿಜವಾ?

ಜಾರ್ಜ್ ಸ್ಮಿತ್ (1840–1876) ವಿಷಯ. 14ಕ್ಕೇ ಶಾಲೆ ಬಿಟ್ಟು ನೋಟಿನ ಅಚ್ಚು ಕೊರೆಯುವ ಕೆಲಸ ಕಲಿಯಲು ಸೇರಿದ್ದ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಓಡಿ ಈಗಿನ ಇರಾಕಿನಲ್ಲಿದ್ದ ಪ್ರಾಚೀನ ನಗರ ನಿನೆವೆಯ ಮಣ್ಣಿನ ಹಲಗೆಗಳನ್ನು ನೋಡುತ್ತ ನಿಲ್ಲುತ್ತಿದ್ದ. ಹೀಗೇ ಬೆಣೆ ಆಕಾರದ ಆ ಲಿಪಿ ಓದುವುದನ್ನು ಕಲಿತ, ಮ್ಯೂಸಿಯಂನವರೇ ಕೆಲಸಕ್ಕೆ ಇಟ್ಟುಕೊಂಡರು. 1872ರಲ್ಲಿ ಒಡೆದ ಹಲಗೆಯೊಂದರಲ್ಲಿ ಮಹಾಪ್ರಳಯ, ಬೆಟ್ಟದ ಮೇಲೆ ನಿಂತ ಹಡಗು, ನೆಲ ಹುಡುಕಲು ಬಿಟ್ಟ ಹಕ್ಕಿಯ ಕಥೆ ಸಿಕ್ಕಿತು. ಬೈಬಲ್ಲಿನ ನೋಹನ ಕಥೆಯನ್ನೇ ಹೋಲುವ ಕಥೆ, ಅದೂ ಬೇರೆ ಜನರದ್ದು! ಖುಷಿಗೆ ಎದ್ದು ಕೋಣೆಯಲ್ಲಿ ಓಡಾಡುತ್ತ ಬಟ್ಟೆ ಬಿಚ್ಚತೊಡಗಿದ ಅಂತ ಹೇಳುತ್ತಾರೆ. ಅದು ಬಾಯಿಂದ ಬಾಯಿಗೆ ಬಂದ ಕಥೆ, ಎಷ್ಟು ಗುಂಡಿ ಬಿಚ್ಚಿದನೋ ಯಾರು ಕಂಡವರು. ಡಿಸೆಂಬರ್ 3ರಂದು ಪ್ರಧಾನಿ ಗ್ಲಾಡ್‌ಸ್ಟನ್ ಎದುರಿಗೇ ಅದನ್ನು ಓದಿ ಹೇಳಿದ್ದು ಮಾತ್ರ ಪಕ್ಕಾ. ಆ ಹಲಗೆ ಗಿಲ್ಗಮೇಶ ಎಂಬ ರಾಜನ ಪ್ರಾಚೀನ ಮಹಾಕಾವ್ಯದ ಭಾಗ, ಆ ಕಾವ್ಯ ನಮ್ಮ ಕಾಲಕ್ಕೆ ದಕ್ಕಿದ್ದು ಇವನಿಂದ. 36ನೇ ವಯಸ್ಸಿಗೆ ಅಲೆಪ್ಪೊದಲ್ಲಿ ರಕ್ತಭೇದಿಯಾಗಿ ತೀರಿಕೊಂಡ.

ರೈಲು ನಿಲ್ದಾಣದ ಡಬ್ಲ್ಯು ಎಚ್ ಸ್ಮಿತ್ ಅಂಗಡಿ ಒಬ್ಬ ಮನುಷ್ಯನ ಹೆಸರಾ?

ಹೌದು, ವಿಲಿಯಂ ಹೆನ್ರಿ ಸ್ಮಿತ್. 1848ರಲ್ಲಿ ಯೂಸ್ಟನ್ ನಿಲ್ದಾಣದಲ್ಲಿ ಪುಸ್ತಕದಂಗಡಿ ತೆರೆದು, ಆಮೇಲೆ ರೈಲು ಹೋದಲ್ಲೆಲ್ಲ ಹಬ್ಬಿಸಿದ. ರಾಜಕೀಯಕ್ಕೆ ಬಂದು 1877ರಲ್ಲಿ ನೌಕಾಪಡೆಯ ಮಂತ್ರಿಯೂ ಆದ. ಸಮುದ್ರದ ಗಂಧಗಾಳಿ ಇಲ್ಲದವನಿಗೆ ಆ ಪದವಿ ಸಿಕ್ಕಿತೆಂದು ಮರುವರ್ಷ ಗಿಲ್ಬರ್ಟ್ ಮತ್ತು ಸಲಿವನ್ ತಮ್ಮ ಹಾಡಿನ ನಾಟಕದಲ್ಲಿ ಗೇಲಿ ಮಾಡಿದರು. 2025ರಲ್ಲಿ ಪೇಟೆ ಬೀದಿಯ ಅಂಗಡಿಗಳು ಮಾರಾಟವಾಗಿ ಟಿ ಜಿ ಜೋನ್ಸ್ ಅಂತ ಹೊಸ ಬೋರ್ಡ್ ಬಂತು. ಸ್ಮಿತ್ ಹೋಗಿ ಜೋನ್ಸ್!

ಬರೀ ಗಂಡಸರೇ ಆಯ್ತಲ್ಲ?

ಸರಿಯಾದ ಮಾತು. ಮದುವೆಯಾದ ಮೇಲೆ ಹೆಂಗಸರ ಹೆಸರು ಬದಲಾಗುತ್ತಿತ್ತು, ಹಾಗಾಗಿ ಎಷ್ಟೋ ಸ್ಮಿತ್‌ಗಳು ಬೇರೆ ಹೆಸರಿನಡಿ ಅಡಗಿದ್ದಾರೆ. ಶಾರ್ಲಟ್ ಸ್ಮಿತ್ (1749–1806) ಮಾತ್ರ ಮದುವೆಯಿಂದಲೇ ಸ್ಮಿತ್ ಆದವಳು, ಆ ಮದುವೆಯಿಂದ ಅನುಭವಿಸಿದ್ದು ಅಷ್ಟಿಷ್ಟಲ್ಲ. 15ಕ್ಕೆ ಮದುವೆ, 12 ಮಕ್ಕಳು, ದುಂದುಗಾರ ಗಂಡ. ಅವನ ಸಾಲಕ್ಕೆ ಅವಳೂ ಕಿಂಗ್ಸ್ ಬೆಂಚ್ ಸೆರೆಮನೆಯಲ್ಲಿ ಇರಬೇಕಾಯಿತು, ಭೂವಿಜ್ಞಾನಿ ಸ್ಮಿತ್ ಮುಂದೆ ಹೋದನಲ್ಲ, ಅದೇ ಸೆರೆಮನೆ. 1784ರಲ್ಲಿ ಸುನೀತಗಳ ಸಂಕಲನ ಅಚ್ಚು ಹಾಕಿಸಿ ದುಡ್ಡು ಸಂಪಾದಿಸಿದಳು. ಮಾವ ಮೊಮ್ಮಕ್ಕಳಿಗೆ ಆಸ್ತಿ ಬಿಟ್ಟಿದ್ದ. ಆದರೆ ಉಯಿಲು ಎಷ್ಟು ಗೋಜಲಾಗಿತ್ತೆಂದರೆ ಕೇಸು ಮುಗಿಯುವ ಹೊತ್ತಿಗೆ ಅವಳೇ ಇರಲಿಲ್ಲ. ಬಾರ್ಬರಾ ಲೀ ಸ್ಮಿತ್, ಮದುವೆಯ ನಂತರ ಬೋಡಿಶಾನ್, ಹೆಂಗಸರ ಆಸ್ತಿಹಕ್ಕಿಗೆ ಹೋರಾಡಿದವಳು. 1869ರಲ್ಲಿ ಹೆಂಗಸರಿಗಾಗಿ ಶುರುವಾದ ಗರ್ಟನ್ ಕಾಲೇಜಿನ ಸ್ಥಾಪಕರಲ್ಲಿ ಒಬ್ಬಳು. ಇವಳೂ ಸಂಸದ ವಿಲಿಯಂ ಸ್ಮಿತ್‌ನ ಮೊಮ್ಮಗಳೇ, ಅಂದರೆ ನೈಟಿಂಗೇಲ್‌ಗೆ ಸೋದರಮಾವನ ಮಗಳು.

ನಮ್ಮ ಹಣ್ಣಿನಂಗಡಿಗಳಲ್ಲಿ ಸಿಗುವ ಹಸಿರು ಸೇಬಿನ ಗ್ರಾನಿ ಸ್ಮಿತ್ ಕೂಡ ನಿಜವಾದ ಅಜ್ಜಿ. ಸಸೆಕ್ಸ್‌ನ ಪೀಸ್‌ಮಾರ್ಷ್‌ನ ಮರಿಯಾ ಆನ್ ಸ್ಮಿತ್, ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದವಳು.

ಟೈಟಾನಿಕ್ ಕ್ಯಾಪ್ಟನ್?

ಎಡ್ವರ್ಡ್ ಜಾನ್ ಸ್ಮಿತ್, ಮಡಿಕೆ ಕುಡಿಕೆಗೆ ಹೆಸರಾದ ಸ್ಟೋಕ್ ಪ್ರದೇಶದ ಹ್ಯಾನ್ಲಿಯವನು. 1912ರ ಏಪ್ರಿಲ್ 15ರಂದು ಹಡಗಿನ ಜೊತೆಗೇ ಹೋದ. ಪ್ರತಿಮೆ ಲಿಚ್‌ಫೀಲ್ಡ್‌ನಲ್ಲಿದೆ.

ಸೈಮನ್ ಕಮಿಷನ್ ಕಳಿಸಿದ್ದು ಲಾರ್ಡ್ ಬರ್ಕೆನ್‌ಹೆಡ್. ಅವನು ಇಲ್ಲಿ ಯಾಕೆ?

ಅವನ ಹುಟ್ಟು ಹೆಸರು ಫ್ರೆಡರಿಕ್ ಎಡ್ವಿನ್ ಸ್ಮಿತ್. ಎಫ್ ಇ ಸ್ಮಿತ್ ಅಂತಲೇ ಪ್ರಸಿದ್ಧ. ಕೋರ್ಟಿನಲ್ಲಿ ಚಾಟಿ ಮಾತಿನ ವಕೀಲ, ಚರ್ಚಿಲ್‌ನ ಆಪ್ತ ಗೆಳೆಯ, 1919ರಲ್ಲಿ ಲಾರ್ಡ್ ಚಾನ್ಸಲರ್. ಹುಟ್ಟೂರನ್ನೇ ಬಿರುದಿಗೆ ಇಟ್ಟುಕೊಂಡಿದ್ದರಿಂದ ಪಠ್ಯಪುಸ್ತಕದಲ್ಲಿ ಸ್ಮಿತ್ ಕಾಣುವುದೇ ಇಲ್ಲ. 1924ರಿಂದ 1928ರವರೆಗೆ ಭಾರತದ ವ್ಯವಹಾರಗಳ ಮಂತ್ರಿ. 1927ರ ನವೆಂಬರ್‌ನಲ್ಲಿ ಭಾರತದ ಆಡಳಿತ ಹೇಗಿರಬೇಕೆಂದು ನೋಡಲು ಏಳು ಜನರ ಆಯೋಗ ನೇಮಿಸಿದರು, ಒಬ್ಬನೇ ಒಬ್ಬ ಭಾರತೀಯ ಇರಲಿಲ್ಲ. ಎಲ್ಲರೂ ಒಪ್ಪುವ ಸಂವಿಧಾನ ಬರೆದು ತೋರಿಸಿ ನೋಡೋಣ ಅಂತ ಭಾರತದ ನಾಯಕರಿಗೆ ಸವಾಲನ್ನೂ ಎಸೆದ. ಅದಕ್ಕೆ ಉತ್ತರವಾಗಿ ಬಂದಿದ್ದು 1928ರ ನೆಹರೂ ವರದಿ. ಬುದ್ಧಿವಂತಿಕೆಗೂ ವಿವೇಕಕ್ಕೂ ಎಷ್ಟು ದೂರ ಅನ್ನುವುದಕ್ಕೆ ಈ ಮನುಷ್ಯ ಸಾಕು.

ಭಾರತದ ಇತಿಹಾಸ ಬರೆದ ಸ್ಮಿತ್?

ವಿನ್ಸೆಂಟ್ ಆರ್ಥರ್ ಸ್ಮಿತ್ (1843–1920), ಡಬ್ಲಿನ್‌ನಲ್ಲಿ ಹುಟ್ಟಿ ಐಸಿಎಸ್ ಅಧಿಕಾರಿಯಾಗಿ ಬಂದವನು. ಸಮುದ್ರಗುಪ್ತನನ್ನು ಭಾರತದ ನೆಪೋಲಿಯನ್ ಅಂದವನು ಇವನೇ. ಪರೀಕ್ಷೆಗೆ ಓದುವವರು ಈ ಹೆಸರನ್ನು ಆಡಂ ಸ್ಮಿತ್ ಜೊತೆ ಬೆರೆಸಬೇಡಿ.

ದಿಲ್ಲಿಯ ಕುತುಬ್ ಮಿನಾರ್ ಪಕ್ಕದ ಹುಲ್ಲುಹಾಸಿನಲ್ಲಿ ಒಂದು ಛತ್ರಿ, ಅಂದರೆ ಕಂಬಗಳ ಮೇಲೆ ಗುಮ್ಮಟವಿರುವ ಸಣ್ಣ ಮಂಟಪ, ಒಂಟಿಯಾಗಿ ಕೂತಿದೆ. ಅದಕ್ಕೂ ಸ್ಮಿತ್ ಹೆಸರು ಯಾಕೆ?

1803ರ ಭೂಕಂಪದಲ್ಲಿ ಮಿನಾರಿನ ತುದಿ ಬಿದ್ದುಹೋಯಿತು. ರಿಪೇರಿ ಮಾಡಿದ ಮೇಜರ್ ರಾಬರ್ಟ್ ಸ್ಮಿತ್ ಎಂಬ ಎಂಜಿನಿಯರ್ ತುದಿಗೆ ಈ ಛತ್ರಿ ಕೂರಿಸಿದ. ಮಿನಾರಿಗೂ ಅದಕ್ಕೂ ಸ್ವಲ್ಪವೂ ಹೊಂದಲಿಲ್ಲ. 1848ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಆಜ್ಞೆಯಂತೆ ಕೆಳಗಿಳಿಸಿದರು. ಜನ 'ಸ್ಮಿತ್‌ನ ಹುಚ್ಚಾಟ' ಅಂತಲೇ ಕರೆಯುತ್ತಾರೆ. ನೆಲದ ಮೇಲೆ ನೋಡಿದರೆ ಅಷ್ಟೇನೂ ಕೆಟ್ಟದಾಗಿಲ್ಲ.

ಹಳೇ ದಾಖಲೆಯಲ್ಲಿ ಬರೀ 'ಕರ್ನಲ್ ಸ್ಮಿತ್', 'ಜನರಲ್ ಸ್ಮಿತ್' ಅಂತಿದ್ದರೆ ಯಾರೆಂದು ತಿಳಿಯುವುದು ಹೇಗೆ?

ಮೊದಲು ವರ್ಷ, ಆಮೇಲೆ ಜಾಗ ನೋಡಿ. ವರ್ಷ ಒಂದನ್ನೇ ನೆಚ್ಚಿದರೆ ಮೋಸ ಹೋಗುತ್ತೀರಿ, ಯಾಕಂದರೆ 1767ರಲ್ಲೇ ಕಂಪನಿಯಲ್ಲಿ ಇಬ್ಬರು ಕರ್ನಲ್ ಸ್ಮಿತ್‌ಗಳಿದ್ದರು. ಮದ್ರಾಸ್, ಕೋಲಾರ, ಹೈದರ್ ಅಂತ ಬಂದರೆ ಜೋಸೆಫ್. ಬಂಗಾಳ, ಕಲ್ಕತ್ತ ಅಂತ ಬಂದರೆ ರಿಚರ್ಡ್ ಸ್ಮಿತ್. 1773ರಲ್ಲಿ ತಂಜಾವೂರು ಹಿಡಿದ ಜನರಲ್ ಸ್ಮಿತ್ ಮತ್ತೆ ಜೋಸೆಫ್‌ನೇ. 1817–18ರ ಪುಣೆ, ಪೇಶ್ವೆ, ಅಷ್ಟಿಯ ಕಾಳಗ ಅಂತಿದ್ದರೆ ಅವನು ಲಯೊನೆಲ್ ಸ್ಮಿತ್, ಮುಂದೆ ಜಮೈಕಾದ ಗವರ್ನರ್ ಆದವನು. 1846ರ ಪಂಜಾಬ್ ಆದರೆ ಹ್ಯಾರಿ. ಕಾಗುಣಿತ ಬೇರೆ ಇದೆ ಅಂತ ಮಾತ್ರ ಯಾರನ್ನೂ ಪಟ್ಟಿಯಿಂದ ತೆಗೆಯಬೇಡಿ; ಒಂದೇ ಪತ್ರದಲ್ಲಿ ಒಬ್ಬನ ಹೆಸರನ್ನೇ ಎರಡು ಥರ ಬರೆದ ಗುಮಾಸ್ತರು ಬೇಕಾದಷ್ಟು ಜನ ಇದ್ದರು.